ಎತ್ತಿನ ಬೆನ್ನೇರಿದ ಭಾನುವಾರ

ನಮ್ಮ ಮನೆಯಲ್ಲಿ ಪ್ರವಾಸ ಹೊರಡುವುದಕ್ಕೆ ಒಂದು ಕ್ರಮವಿದೆ. ಮೊದಲು ಪಂಚಾಂಗ ನೋಡಬೇಕು. ಆಮೇಲೆ ಯಾರ್ಯಾರಿಗೆ ಎಂದೆಂದು ರಜೆಯೆಂದು ವಿಚಾರಿಸಬೇಕು. ಪುಳಿಯೋಗರೆಯ ಗೊಜ್ಜು ಹಿಂದಿನ ದಿನವೇ ಸಿದ್ಧವಾಗಬೇಕು. ಹಾಲಿನವನಿಗೂ ಪತ್ರಿಕೆ ಹಾಕುವ ಹುಡುಗನಿಗೂ ಹೇಳಿಯಾಗಬೇಕು. ಇಷ್ಟೆಲ್ಲ ಆಗುವಷ್ಟರಲ್ಲಿ ಯಾರಿಗಾದರೂ ನೆಗಡಿ ಬಂದು ಪ್ರವಾಸವೇ ನಿಂತುಹೋಗುವುದು ವಾಡಿಕೆ. ಅಂಥ ಮನೆಯವರಾದ ನಾವು ಕಳೆದ ಅಕ್ಟೋಬರ್ ತಿಂಗಳ ಒಂದು ಭಾನುವಾರ, ಬೆಳಗಿನ ಕಾಫಿಯ ಲೋಟ ಕೆಳಗಿಡುವಷ್ಟರಲ್ಲಿ ನಿರ್ಧರಿಸಿ, ಸಂಜೆಯೊಳಗಾಗಿ ಶಿವಗಂಗೆಯ ತುದಿಯನ್ನು ಮುಟ್ಟಿ ಬಂದೆವೆಂದರೆ ನೆರೆಮನೆಯವರು ಇಂದಿಗೂ ನಂಬುವುದಿಲ್ಲ.

ಇದಕ್ಕೆಲ್ಲ ಕಾರಣ ನನ್ನ ಮೊಮ್ಮಗನ ಚಿತ್ರಕಲೆ. ಒಂಬತ್ತು ವರ್ಷದ ಹುಡುಗ. ಶಾಲೆಯಲ್ಲಿ ಬೆಟ್ಟದ ಚಿತ್ರ ಬರೆದು ತರಬೇಕೆಂದು ಹೇಳಿದ್ದರಂತೆ. ನಡುಮನೆಯಲ್ಲಿ ಬೋರಲಾಗಿ ಮಲಗಿ ಬರೆಯುತ್ತಿದ್ದ. ಎರಡು ತ್ರಿಕೋನ, ನಡುವೆ ಅರ್ಧ ಸೂರ್ಯ, ಕೆಳಗೆ ಹಾವಿನಂತೆ ಹರಿಯುವ ಒಂದು ಹೊಳೆ, ಮೇಲೆ ನಾಲ್ಕು ಹಕ್ಕಿ. ಅವನ ತಂದೆಯೂ ಬರೆದದ್ದು ಅದೇ ಬೆಟ್ಟ, ನಾನೂ ಬರೆದದ್ದು ಅದೇ ಬೆಟ್ಟ.

“ಬೆಟ್ಟ ಹೀಗಿರುವುದಿಲ್ಲವೋ” ಎಂದೆ.

“ಮತ್ತೆ ಹೇಗಿರುತ್ತೆ, ತಾತ?”

ಉತ್ತರ ಹೊಳೆಯಲಿಲ್ಲ. ಅರವತ್ತೊಂದು ವರ್ಷ ಬದುಕಿದ್ದೇನೆ. ಮೂವತ್ತೈದು ವರ್ಷ ಕಚೇರಿಯ ಕಡತಗಳನ್ನು ಏರಿ ಇಳಿದಿದ್ದೇನೆ. ಕೊನೆಯ ಬಾರಿಗೆ ಒಂದು ಬೆಟ್ಟ ಹತ್ತಿದ್ದು ಯಾವಾಗ ಎಂಬುದೇ ನೆನಪಾಗಲಿಲ್ಲ. “ನಡಿ, ತೋರಿಸುತ್ತೇನೆ” ಎಂಬ ಮಾತು ನನ್ನ ಬಾಯಿಂದ ಹೊರಬಿದ್ದದ್ದನ್ನು ಕೇಳಿ ನನಗೇ ಆಶ್ಚರ್ಯವಾಯಿತು.

ಮನೆಯ ಒಳಗಿನ ಹವೆಯನ್ನೂ ಇಲ್ಲಿ ಸ್ವಲ್ಪ ಹೇಳಬೇಕು. ಮೂರು ವಾರಗಳಿಂದ ನನಗೂ ನನ್ನ ಮಗನಿಗೂ “ಊಟ ಆಯಿತೇ”, “ಆಯಿತು” ಎಂಬುದರ ಹೊರತು ಮಾತಿರಲಿಲ್ಲ. ರಾಜಾಜಿನಗರದ ನಮ್ಮ ಮನೆ ನನ್ನ ತಂದೆ ಕಟ್ಟಿಸಿದ್ದು. ಮಳೆಗಾಲದಲ್ಲಿ ಸೋರುತ್ತದೆ, ಮೆಟ್ಟಿಲು ಕಡಿದು, ಅಮ್ಮನ ಮಂಡಿಗೆ ಆಗದು. ಮಾರಿ, ಲಿಫ್ಟ್ ಇರುವ ಅಪಾರ್ಟ್‌ಮೆಂಟಿಗೆ ಹೋಗೋಣ ಎಂದು ಅವನು. ನಾನಿರುವವರೆಗೆ ಆ ಮಾತು ಬೇಡ ಎಂದು ನಾನು. ನಮ್ಮ ವಂಶದಲ್ಲಿ ಜಗಳವೆಂದರೆ ಕೂಗಾಟವಲ್ಲ, ಮೌನ. ಸೊಸೆ ಆ ವಾರ ತವರಿಗೆ ಹೋಗಿದ್ದಳು. ಆದ್ದರಿಂದ ತಂದೆ-ಮಗನ ನಡುವೆ ಅಂಚೆಯವನ ಕೆಲಸವೆಲ್ಲ ಪುಟ್ಟನದೇ ಆಗಿತ್ತು.

ಅವನು ಒಳಗೆ ಓಡಿ, “ಅಪ್ಪಾ, ತಾತ ಬೆಟ್ಟ ತೋರಿಸ್ತಾರಂತೆ, ನೀನು ಕಾರು ಓಡಿಸಬೇಕಂತೆ” ಎಂದು ವರದಿ ಒಪ್ಪಿಸಿದ. ಎರಡನೆಯ ಮಾತನ್ನು ನಾನು ಹೇಳಿರಲೇ ಇಲ್ಲ. ಆದರೆ ಅಲ್ಲಗಳೆಯುವುದು ಹೇಗೆ? ಮಗನೂ ಇಲ್ಲವೆನ್ನಲಾರದೆ ಬೀಗದ ಕೈ ತೆಗೆದುಕೊಂಡ. ನನ್ನಾಕೆ ರಾತ್ರಿಯ ಅನ್ನಕ್ಕೆ ಮೊಸರು ಕಲಸಿ, ಒಗ್ಗರಣೆ ಕೊಟ್ಟು, ಡಬ್ಬಿ ಮುಚ್ಚಿದಳು. ಹೊರಟಾಗ ಒಂಬತ್ತೂವರೆ. ಬೆಟ್ಟ ಹತ್ತುವವರು ಹೊರಡುವ ಹೊತ್ತಲ್ಲ ಅದು ಎಂಬುದು ಆಗ ನಮಗೆ ತಿಳಿದಿರಲಿಲ್ಲ.

ಹೆದ್ದಾರಿಯ ಪಕ್ಕದ ಎತ್ತು

ಶಿವಗಂಗೆ ಬೆಂಗಳೂರಿನಿಂದ ಸುಮಾರು 55 ಕಿ.ಮೀ. ದೂರ. ತುಮಕೂರು ರಸ್ತೆಯಲ್ಲಿ ನೆಲಮಂಗಲ ದಾಟಿ ದಾಬಸ್‌ಪೇಟೆಗೆ ಹೋಗಿ, ಅಲ್ಲಿ ಎಡಕ್ಕೆ ತಿರುಗಬೇಕು. ದಾಬಸ್‌ಪೇಟೆಗೆ ಆ ಹೆಸರು ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ ಈ ಸೀಮೆಯ ಅಧಿಕಾರಿಯಾಗಿದ್ದ ಡಾಬ್ಸ್ ಎಂಬ ಆಂಗ್ಲನಿಂದ. ಈ ವಿಷಯವನ್ನು ನಾನು ಕಾರಿನಲ್ಲಿ ಪುಟ್ಟನಿಗೆ ಗಟ್ಟಿಯಾಗಿ ಹೇಳಿದೆ. ಮುಂದಿನ ಆಸನದವನಿಗೂ ಕೇಳಲೆಂಬ ಆಸೆ. ಮುಂದಿನ ಆಸನದಿಂದ ಉತ್ತರ ಬರಲಿಲ್ಲ.

ಆದರೆ ಸ್ವಲ್ಪ ಹೊತ್ತಿನಲ್ಲೇ ಹುಡುಗ ಕಿಟಕಿಗೆ ಮೂಗು ಒತ್ತಿ ಕೂಗಿದ: “ತಾತ! ಅಲ್ಲಿ ನೋಡಿ, ಎತ್ತು ಮಲಗಿದೆ!”

ನಿಜ. ಎಡಗಡೆ ಬಯಲಿನಾಚೆ ಒಂದು ಬೃಹತ್ ವೃಷಭ ಕಾಲು ಮಡಿಸಿ ಮಲಗಿತ್ತು. ಹಣೆ, ಕೊರಳು, ಇಣಿ, ಬೆನ್ನು ಎಲ್ಲವೂ ಸ್ಪಷ್ಟ. ಪುರಾತನರು ಈ ಬೆಟ್ಟವನ್ನು ಕಕುದ್ಗಿರಿ ಎಂದು ಕರೆದರು. ಕಕುದ್ ಎಂದರೆ ಎತ್ತಿನ ಇಣಿ. ಪೂರ್ವದಿಂದ ನೋಡಿದರೆ ಬಸವ, ಪಶ್ಚಿಮದಿಂದ ಗಣಪತಿ, ದಕ್ಷಿಣದಿಂದ ಲಿಂಗ, ಉತ್ತರದಿಂದ ಹೆಡೆಯೆತ್ತಿದ ಸರ್ಪ ಕಾಣುವುದೆಂದು ಇಲ್ಲಿಯವರು ಹೇಳುತ್ತಾರೆ. “ಹಾಗಾದರೆ ಒಂದು ಬೆಟ್ಟಕ್ಕೆ ನಾಲ್ಕು ಚಿತ್ರ ಬರೆಯಬೇಕಾ?” ಎಂದು ಪುಟ್ಟ ಚಿಂತೆಗೀಡಾದ. ಮುಂದಿನ ಆಸನದಲ್ಲಿ ನಗುವಿನ ಸಣ್ಣ ಸದ್ದಾಯಿತು. ಮೂರು ವಾರಗಳಲ್ಲಿ ಅದೇ ಮೊದಲು.

ಮೆಟ್ಟಿಲು, ಮಂಗ, ಮಂಡಿ

ಬೆಟ್ಟದ ತುದಿ ಸಮುದ್ರಮಟ್ಟದಿಂದ ಸುಮಾರು 4,500 ಅಡಿ. ನಮ್ಮ ಬೆಂಗಳೂರೇ 3,000 ಅಡಿಯ ಮೇಲಿದೆಯಾದ್ದರಿಂದ ಇದೇನು ಮಹಾ ಎಂದು ಕೆಳಗೆ ನಿಂತಾಗ ಅನ್ನಿಸುತ್ತದೆ. ಹತ್ತತೊಡಗಿದ ಮೇಲೆ ಅಂಕಗಣಿತ ಮರೆತುಹೋಗುತ್ತದೆ.

ಮೊದಲ ಮೆಟ್ಟಿಲುಗಳು ಸುಲಭ. ಸ್ವಲ್ಪ ಮೇಲೇರಿದರೆ ಬಂಡೆಯ ಅಡಿಯ ಗುಹೆಯಲ್ಲಿ ಗಂಗಾಧರೇಶ್ವರ, ಹತ್ತಿರವೇ ಹೊನ್ನಾದೇವಿ. ಇಲ್ಲಿ ಲಿಂಗಕ್ಕೆ ಅಭಿಷೇಕ ಮಾಡಿದ ತುಪ್ಪ ಬೆಣ್ಣೆಯಾಗುತ್ತದೆಂಬುದು ಭಕ್ತರ ನಂಬಿಕೆ. ಗರ್ಭಗುಡಿಯಿಂದ ಬೆಂಗಳೂರಿನ ಗವಿ ಗಂಗಾಧರೇಶ್ವರನ ಗುಡಿಯವರೆಗೆ ಸುರಂಗವಿದೆಯೆಂಬ ಮಾತೂ ತಲೆತಲಾಂತರದಿಂದ ಬಂದಿದೆ. “ಸುರಂಗದಲ್ಲೇ ಬಂದಿದ್ದರೆ ಟೋಲ್ ಉಳಿಯುತ್ತಿತ್ತು” ಎಂದಳು ನನ್ನಾಕೆ.

ಹೊನ್ನಾದೇವಿಯ ಗುಡಿ ದಾಟಿ ಹತ್ತು ಮೆಟ್ಟಿಲು ಹೋಗಿಲ್ಲ, ಒಂದು ಗಡವ ಮಂಗ ಅವಸರವಿಲ್ಲದೆ ಬಂದು, ನನ್ನ ಕೈಯ ಚೀಲವನ್ನು ತನ್ನದೆಂಬಂತೆ ತೆಗೆದುಕೊಂಡು, ಬಂಡೆಯ ಮೇಲೆ ಕುಳಿತು ಡಬ್ಬಿ ತೆರೆಯಿತು. ಮೊಸರನ್ನ ಅದಕ್ಕೆ ಮೆಚ್ಚುಗೆಯಾಯಿತು. ಒಗ್ಗರಣೆಯ ಮೆಣಸಿನಕಾಯಿಯನ್ನು ಮಾತ್ರ ಆರಿಸಿ ನಮ್ಮ ಕಡೆಗೆ ಎಸೆಯಿತು. ನಮಗೆ ಉಳಿದದ್ದು ಮಗನ ಹೆಗಲ ಚೀಲದಲ್ಲಿದ್ದ ಎರಡು ಬಾಟಲಿ ನೀರು. ದಾರಿಬದಿಯ ಅಂಗಡಿಯ ಹೆಂಗಸು ಸೀಳಿ, ಉಪ್ಪು-ಖಾರ ಹಚ್ಚಿಕೊಟ್ಟ ಸೌತೆಕಾಯಿಯೇ ಆ ದಿನದ ಭೋಜನವಾಯಿತು.

ಹತ್ತುತ್ತ ಹತ್ತುತ್ತ ಬಿಸಿಲು ಏರಿತು. ನಡುವೆ ಹಳೆಯ ಕೋಟೆಯ ಅವಶೇಷ. ಹದಿನಾರನೆಯ ಶತಮಾನದಲ್ಲಿ ಬೆಂಗಳೂರು ಕಟ್ಟಿದ ಕೆಂಪೇಗೌಡರು ಈ ದುರ್ಗವನ್ನು ಬಲಪಡಿಸಿ, ತಮ್ಮ ಬೊಕ್ಕಸದ ಒಂದು ಭಾಗವನ್ನು ಇಲ್ಲಿ ಇಟ್ಟಿದ್ದರೆಂಬ ಪ್ರತೀತಿಯಿದೆ. ಇಂಥ ಏರನ್ನು ಹತ್ತಿ ಬೊಕ್ಕಸ ಕದಿಯುವ ಕಳ್ಳನಿಗೆ ಅದನ್ನು ಹೊತ್ತು ಇಳಿಯುವ ಶಕ್ತಿ ಉಳಿದಿರುತ್ತಿರಲಿಲ್ಲ ಎಂಬುದು ನನ್ನ ಸ್ವಾನುಭವದ ಅಭಿಪ್ರಾಯ.

ಒಳಕಲ್ಲು ತೀರ್ಥ

ಒಂದೂಕಾಲರ ಹೊತ್ತಿಗೆ ಒಳಕಲ್ಲು ತೀರ್ಥ ತಲಪಿದೆವು. ಬಂಡೆಯ ಮರೆಯ ಪುಟ್ಟ ಗುಡಿಯೊಳಗೆ, ನೆಲದ ಕಲ್ಲಿನಲ್ಲಿ ಒರಳಿನ ಬಾಯಿಯಷ್ಟು ಒಂದು ಕುಳಿ. ಬಾಗಿ ತೋಳು ಇಳಿಬಿಟ್ಟರೆ ಒಳಗೆ ತಣ್ಣನೆಯ ನೀರು ಸಿಕ್ಕಬೇಕು. ಪುಣ್ಯವಂತರಿಗೆ ಸಿಕ್ಕುತ್ತದೆ, ಉಳಿದವರಿಗೆ ಸಿಕ್ಕುವುದಿಲ್ಲ ಎಂದು ಪ್ರತೀತಿ.

ನನ್ನಾಕೆ ಬಾಗಿದಳು, ನೀರು ಮುಟ್ಟಿದಳು, ಕಣ್ಣಿಗೆ ಒತ್ತಿಕೊಂಡಳು. ನಾನು ಬಾಗಿದೆ. ಬೆರಳಿಗೆ ಸಿಕ್ಕಿದ್ದು ಒಣ ಕಲ್ಲು. ಹಿಂದೆ ಸಾಲು ನಿಂತಿದ್ದ ಕಾಲೇಜು ಹುಡುಗರು ಮರ್ಯಾದೆಗಾಗಿ ನಗು ತಡೆದುಕೊಂಡರು. “ತೋಳು ಗಿಡ್ಡ, ಅಷ್ಟೆ” ಎಂದು ಎದ್ದೆ. ಮಗ ಬಾಗುವ ಗೋಜಿಗೇ ಹೋಗಲಿಲ್ಲ.

ಈ ಬೆಟ್ಟದ ನೀರಿಗೂ ಬೆಂಗಳೂರಿನವರಿಗೂ ಹಳೆಯ ಸಂಬಂಧ. ಇಲ್ಲಿ ಹುಟ್ಟುವ ಕುಮುದ್ವತಿ ಹರಿದು ತಿಪ್ಪಗೊಂಡನಹಳ್ಳಿಯಲ್ಲಿ ಅರ್ಕಾವತಿಯನ್ನು ಕೂಡುತ್ತದೆ. 1933ರಲ್ಲಿ ಅಲ್ಲಿ ಕಟ್ಟಿದ ಚಾಮರಾಜ ಸಾಗರದಿಂದ ಎಷ್ಟೋ ದಶಕ ಬೆಂಗಳೂರಿನ ನಲ್ಲಿಗಳಿಗೆ ನೀರು ಬಂತು. ಈಗ ಆ ಹೊಳೆ ಹೆಚ್ಚು ಕಾಲ ಬರಿಯ ಮರಳಿನ ಗೆರೆ. ಕಾವೇರಿಯ ನೀರು ಬಂದ ಮೇಲೆ ನಾವು ಅದನ್ನು ಮರೆತೆವು. ನಮ್ಮ ಮಗ್ಗುಲಲ್ಲೇ ಇದ್ದು ನಮಗೆ ನೀರೆರೆದ ಬೆಟ್ಟವನ್ನು ನೋಡಲು ನಾನು ಬಂದದ್ದು ಅರವತ್ತೊಂದರಲ್ಲಿ!

ಅಲ್ಲಿಗೆ ನನ್ನಾಕೆಯ ಮಂಡಿ ಸಾಕೆಂದಿತು. “ನಾನಿಲ್ಲೇ ಕೂತಿರುತ್ತೇನೆ, ನೀವು ಹೋಗಿಬನ್ನಿ” ಎಂದಳು. ಮಗ ಪಶ್ಚಿಮದ ಕಡೆ ನೋಡುತ್ತಿದ್ದ. ದಿಗಂತದಲ್ಲಿ ಹತ್ತಿಯಂತಿದ್ದ ಮೋಡ ಬೂದಿಬಣ್ಣಕ್ಕೆ ತಿರುಗುತ್ತಿತ್ತು. “ಹಿಂಗಾರಿನ ಕಾಲ. ಮಧ್ಯಾಹ್ನದ ಮೇಲೆ ನಂಬುವ ಹಾಗಿಲ್ಲ. ಇಲ್ಲಿಂದಲೇ ಇಳಿಯೋಣವೇ?” ಎಂದ. ನನ್ನನ್ನು ನೋಡಿ ಹೇಳಲಿಲ್ಲ. ಅಮ್ಮನಿಗೆ ಹೇಳಿದಂತೆ ಹೇಳಿದ.

“ಹೊರಟ ಮೇಲೆ ಅರ್ಧದಲ್ಲಿ ತಿರುಗುವುದು ನಮ್ಮ ಮನೆತನದ ಪದ್ಧತಿಯಲ್ಲ” ಎಂದೆ. ನಾನೂ ಅವನಿಗೆ ಹೇಳಲಿಲ್ಲ. ಬೆಟ್ಟಕ್ಕೆ ಹೇಳಿದಂತೆ ಹೇಳಿದೆ.

ತುದಿಯಲ್ಲಿ

ಒಳಕಲ್ಲಿನಿಂದ ಮೇಲೆ ಬೆಟ್ಟದ ಸ್ವಭಾವ ಬದಲಾಗುತ್ತದೆ. ಬರಿಯ ಬಂಡೆಯ ಮೈಯಲ್ಲಿ ಕಡಿದ ಸಣ್ಣ ಮೆಟ್ಟಿಲು. ಪಕ್ಕದಲ್ಲಿ ಕಬ್ಬಿಣದ ಕಂಬಿ. ಕಂಬಿಯ ಆಚೆ ಆಕಾಶ. ಪುಟ್ಟ ಮುಂದೆ, ನಾನು ನಡುವೆ, ಮಗ ಹಿಂದೆ. ಹತ್ತು ಮೆಟ್ಟಿಲಿಗೊಮ್ಮೆ ದೃಶ್ಯ ನೋಡುವ ನೆವದಲ್ಲಿ ನಿಂತು ಉಸಿರು ತೆಗೆದುಕೊಂಡೆ. ಶಿಖರಕ್ಕೆ ಸ್ವಲ್ಪ ಈಚೆ, ಕಮರಿಯ ಕಡೆಗೆ ಚಾಚಿದ ಕಲ್ಲಿನ ಮೇಲೆ ಕೆತ್ತಿದ ನಂದಿ. ಬೆಟ್ಟವೆಂಬ ಎತ್ತಿನ ಮೇಲೆ ಇನ್ನೊಂದು ಎತ್ತು! ಇದನ್ನು ಕೆತ್ತಿದ ಶಿಲ್ಪಿ ಎಲ್ಲಿ ನಿಂತು ಉಳಿ ಹಿಡಿದನೋ ಎಂದು ನೆನೆದರೆ ಅಂಗಾಲು ಜುಮ್ಮೆನ್ನುತ್ತದೆ.

ತುದಿ ಮುಟ್ಟಿದಾಗ ಎರಡೂವರೆ. ಗಾಳಿ ಬೆವರನ್ನೆಲ್ಲ ಒಂದೇ ಬಾರಿಗೆ ಒರೆಸಿತು. ಉತ್ತರಕ್ಕೆ ದೇವರಾಯನದುರ್ಗದ ಸಾಲು. ದಕ್ಷಿಣದಲ್ಲಿ ಮಬ್ಬಿನ ನಡುವೆ ಸಾವನದುರ್ಗದ ಬೋಳು ತಲೆ. ಕೆಳಗೆ ಬೆಂಕಿಪೆಟ್ಟಿಗೆಗಳಂತೆ ಮನೆಗಳು, ಕನ್ನಡಿ ಚೂರುಗಳಂತೆ ಕೆರೆಗಳು. ಶಿಖರದಲ್ಲೊಂದು ತೀರ್ಥಕಂಬ. ಮಕರ ಸಂಕ್ರಾಂತಿಯಂದು ಅದರ ಬಳಿ ತೀರ್ಥ ಉದ್ಭವಿಸುವುದೆಂದೂ, ಆ ನೀರಿನಿಂದಲೇ ಸ್ವಾಮಿಯ ಕಲ್ಯಾಣೋತ್ಸವ ನಡೆಯುವುದೆಂದೂ ಭಕ್ತರು ಹೇಳುತ್ತಾರೆ.

ಅಲ್ಲಿ ಐದು ನಿಮಿಷ ನಿಂತು ಇಳಿದಿದ್ದರೆ ಈ ಲೇಖನ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಕೇಳುವ ಕಿವಿ ಸಿಕ್ಕಿದಾಗ ಬಿಡುವವನು ನಾನಲ್ಲ. ಪುಟ್ಟನನ್ನು ಕೂರಿಸಿಕೊಂಡು ಶಾಂತಲೆಯ ಕಥೆ ತೆಗೆದೆ. ಹೊಯ್ಸಳ ವಿಷ್ಣುವರ್ಧನನ ಪಟ್ಟದರಸಿ, ನಾಟ್ಯದಲ್ಲಿ ಪ್ರವೀಣೆ, ಶ್ರವಣಬೆಳಗೊಳದಲ್ಲಿ ಸವತಿಗಂಧವಾರಣ ಬಸದಿಯನ್ನು ಕಟ್ಟಿಸಿದಾಕೆ, 1131ರಲ್ಲಿ ದೇಹ ಬಿಟ್ಟದ್ದು ಈ ಶಿವಗಂಗೆಯಲ್ಲಿ. ಮಕ್ಕಳಿಲ್ಲದ ಕೊರಗಿನಿಂದ ಇದೇ ಬಂಡೆಯಿಂದ ಧುಮುಕಿದಳೆಂದು ಜನರ ಕಥೆ. ಶಾಸನ ಹೇಳುವುದು ಆಕೆ ಇಲ್ಲಿ ಮುಡಿಪಿದಳೆಂದು ಮಾತ್ರ. ಮಗಳ ಅಗಲಿಕೆ ತಾಳದೆ ತಾಯಿ ಮಾಚಿಕಬ್ಬೆ ಬೆಳಗೊಳದಲ್ಲಿ ಸಲ್ಲೇಖನ ಹಿಡಿದು ಪ್ರಾಣ ನೀಗಿದಳು. “ಹೋಗಬೇಡ ಅಂತ ಅವರಮ್ಮ ಮೊದಲೇ ಹೇಳಿರಲಿಲ್ವಾ, ತಾತ?” ಎಂದು ಹುಡುಗ ಕೇಳಿದ.

ಉತ್ತರ ಹುಡುಕುತ್ತಿರುವಾಗಲೇ ಪಶ್ಚಿಮ ಕಪ್ಪಾಯಿತು. ಮಿಂಚಿತು. ಮಗ ಬೆರಳು ಮಡಿಸಿ ಎಣಿಸಿದ. ಹನ್ನೆರಡಕ್ಕೆ ಗುಡುಗು. ಮುಂದಿನ ಮಿಂಚಿಗೆ ಒಂಬತ್ತು. ಶಬ್ದ ಒಂದು ಕಿಲೋಮೀಟರು ಬರಲು ಸುಮಾರು ಮೂರು ಸೆಕೆಂಡು ಬೇಕು. ಹಾಗಾದರೆ ಸಿಡಿಲು ಮೂರು ಕಿಲೋಮೀಟರಿನಲ್ಲಿದೆ. ನಾವಿರುವುದು ಸುತ್ತಲಿನ ಸೀಮೆಗೆಲ್ಲ ಎತ್ತರವಾದ ಬೋಳುಬಂಡೆಯ ಮೇಲೆ.

“ಅಪ್ಪ, ಏಳಿ” ಎಂದ. ಮೂರು ವಾರಗಳ ನಂತರ ನೇರವಾಗಿ ನನಗೇ ಹೇಳಿದ ಮಾತು.

ಇಳಿಯುವುದು

ಎದ್ದೆ. ಕಾಲು ನಡುಗಿತು. ಹತ್ತುವಾಗ ಕಣ್ಣ ಮುಂದಿದ್ದದ್ದು ಮೆಟ್ಟಿಲು, ಇಳಿಯುವಾಗ ಕಣ್ಣ ಮುಂದಿರುವುದು ಪಾತಾಳ. ದಪ್ಪ ಹನಿಗಳು ಬೀಳತೊಡಗಿ, ನೂರಾರು ವರ್ಷಗಳ ಪಾದಗಳು ಸವೆಸಿದ ಕಲ್ಲು ಎಣ್ಣೆ ಸವರಿದಂತಾಯಿತು. ಸಹಜವಾಗಿ ಕಂಬಿಯ ಕಡೆಗೆ ಕೈ ಚಾಚಿದೆ.

“ಕಂಬಿ ಮುಟ್ಟಬೇಡಿ! ಎಲ್ಲಿ ಸಿಡಿಲು ಹೊಡೆದರೂ ಕಬ್ಬಿಣದಲ್ಲಿ ಹರಿದುಬರುತ್ತದೆ. ನನ್ನ ಹೆಗಲು ಹಿಡಿಯಿರಿ.”

ಆದರೆ ಹುಡುಗ? ಇಬ್ಬರನ್ನು ಒಬ್ಬನು ಇಳಿಸುವುದು ಹೇಗೆ? ಆ ಗಳಿಗೆಯಲ್ಲಿ ನನಗೆ ಅರಿವಾಯಿತು: ನನ್ನ ಹಟ ಒಂಬತ್ತು ವರ್ಷದ ಮಗುವನ್ನು ಇಲ್ಲಿಗೆ ತಂದು ನಿಲ್ಲಿಸಿದೆ. ಬಾಯಿ ಒಣಗಿತು. ಅಷ್ಟರಲ್ಲಿ ಹಿಂದಿನಿಂದ ಇಳಿದು ಬರುತ್ತಿದ್ದ ತುಮಕೂರಿನ ಕಡೆಯ ಒಬ್ಬ ತರುಣ, ಕೇಳುವ ಮೊದಲೇ, “ಮಗೂನ ನನ್ ಕೈಗೆ ಕೊಡಿ ಅಣ್ಣ, ನೀವು ಯಜಮಾನ್ರನ್ನ ನೋಡ್ಕೊಳ್ಳಿ” ಎಂದು ಪುಟ್ಟನ ಮಣಿಕಟ್ಟು ಹಿಡಿದ.

ಮಗ ನನಗಿಂತ ಒಂದು ಮೆಟ್ಟಿಲು ಕೆಳಗೆ ನಿಂತು, ಬಂಡೆಯ ಒಳಮಗ್ಗುಲಿಗೆ ಮೈ ಒತ್ತಿ, ಇಳಿಯತೊಡಗಿದ. ಅವನ ಎರಡು ಹೆಗಲ ಮೇಲೂ ನನ್ನ ಕೈ. “ಬಲಗಾಲು. ನಿಲ್ಲಿ. ಎಡಗಾಲು. ನಿಲ್ಲಿ.” ಇದೇ ರಾಜಾಜಿನಗರದ ಮನೆಯ ಕಡಿದಾದ ಮೆಟ್ಟಿಲಿನಲ್ಲಿ ಇವನಿಗೆ ಇಳಿಯುವುದನ್ನು ಹೀಗೆಯೇ ಕಲಿಸಿದ್ದೆ. ಅವನಿಗೆ ಅದು ನೆನಪಿದ್ದಿರಲಾರದು. ಒಮ್ಮೆ ನನ್ನ ಚಪ್ಪಲಿ ಜಾರಿ ಇಡೀ ಭಾರ ಅವನ ಬೆನ್ನಿನ ಮೇಲೆ ಬಿತ್ತು. ಅವನು ಅಲುಗಲಿಲ್ಲ. “ಇದ್ದೀನಿ ಅಪ್ಪ” ಎಂದ, ಅಷ್ಟೆ.

ಒಳಕಲ್ಲಿನ ಮರೆ ಸೇರಿದಾಗ ಮಳೆ ಧೋ ಎಂದು ಸುರಿಯಿತು. ನನ್ನಾಕೆ ಪುಟ್ಟನನ್ನು ಸೆರಗಿನಲ್ಲಿ ಒರೆಸುತ್ತ ಕುಳಿತಿದ್ದಳು, ಏನೂ ಅನ್ನಲಿಲ್ಲ. ಅಂದಿದ್ದರೆ ಸುಲಭವಾಗುತ್ತಿತ್ತು. ಆ ತರುಣ ತನ್ನ ಗೆಳೆಯರೊಂದಿಗೆ ಸೇರಿಕೊಂಡಿದ್ದ. ಹೆಸರು ಕೇಳುವುದನ್ನೂ ನಾನು ಮರೆತೆ.

ಕೊನೆಯ ಗುಡುಗಿನ ನಂತರವೂ ಅರ್ಧ ಗಂಟೆ ಅಲ್ಲೇ ಕುಳಿತೆವು. “ನೀನು ಹೇಳಿದಾಗಲೇ ಇಳಿಯಬೇಕಾಗಿತ್ತು. ತಪ್ಪು ನನ್ನದು” ಎಂದೆ. ಇಂಥ ವಾಕ್ಯ ನನ್ನ ಬಾಯಲ್ಲಿ ಕೇಳಿ ಅವನಿಗೆ ಅಭ್ಯಾಸವಿಲ್ಲ. ಸ್ವಲ್ಪ ಹೊತ್ತು ಮಳೆ ನೋಡಿದ. ಆಮೇಲೆ, “ಇನ್ನೊಂದು ಸಲ ಕೈ ಹಾಕಿ ನೋಡಿ ಅಪ್ಪ. ಆಗ ನೀವು ಪೂರ್ತಿ ಬಾಗಲೇ ಇಲ್ಲ” ಎಂದ.

“ಬಿದ್ದರೆ?”

“ನಾನು ಹಿಡಿದಿರುತ್ತೇನೆ.”

ಮಂಡಿಯೂರಿ, ಭುಜದವರೆಗೂ ಕಲ್ಲಿಗೆ ಒತ್ತಿ ಬಾಗಿದೆ. ಅವನು ಹಿಂದಿನಿಂದ ನನ್ನ ಸೊಂಟ ಹಿಡಿದಿದ್ದ. ಬೆರಳ ತುದಿಗೆ ತಣ್ಣಗೆ ಏನೋ ಸೋಕಿತು. ನೀರು.

ಹೋಗುವವರಿಗೆ ನಾಲ್ಕು ಮಾತು

ನಮ್ಮ ತಪ್ಪುಗಳಿಂದ ಓದುಗರಿಗೆ ಲಾಭವಾಗಲಿ. ಬೆಳಕು ಹರಿಯುವ ಹೊತ್ತಿಗೆ ಬೆಟ್ಟದ ಬುಡದಲ್ಲಿರಿ, ಮಧ್ಯಾಹ್ನದೊಳಗೆ ಇಳಿದುಬಿಡಿ. ಚೀಲವನ್ನು ಕೈಯಲ್ಲಿ ಹಿಡಿಯದೆ ಬೆನ್ನಿಗೆ ಬಿಗಿದುಕೊಳ್ಳಿ. ಮಂಗನ ಕಣ್ಣಿಗೆ ಬೀಳುವಂತೆ ಏನನ್ನೂ ತಿನ್ನಬೇಡಿ. ಚಪ್ಪಲಿ ಬೇಡ, ಕಲ್ಲು ಕಚ್ಚಿ ಹಿಡಿಯುವ ಬೂಟು ಬೇಕು. ನೀರನ್ನು ನಿಮ್ಮ ಅಂದಾಜಿಗಿಂತ ಇಮ್ಮಡಿ ಒಯ್ಯಿರಿ. ಮಿಂಚು ಕಂಡು ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿದರೆ ಬಯಲಿನಲ್ಲಾಗಲಿ ಶಿಖರದಲ್ಲಾಗಲಿ ನಿಲ್ಲಬಾರದು. ಜೊತೆಯವರಲ್ಲಿ ಯಾರಾದರೂ ಒಬ್ಬರು ಹಿಂತಿರುಗೋಣ ಎಂದರೆ ಅವರ ಮಾತು ನಡೆಯಲಿ. ಬೆಟ್ಟ ಎಲ್ಲಿಗೂ ಹೋಗುವುದಿಲ್ಲ. ನಮ್ಮ ಸೀಮೆಯ ಇಂಥ ಬಂಡೆಗಳ ವಯಸ್ಸು 250 ಕೋಟಿ ವರ್ಷಕ್ಕೂ ಮಿಗಿಲೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಇನ್ನೊಂದು ಭಾನುವಾರದವರೆಗೆ ಅದು ಖಂಡಿತ ಕಾಯುತ್ತದೆ.

ಮನೆಯ ಮಾತು ಇನ್ನೂ ಮುಗಿದಿಲ್ಲ. ಮಾರುವುದೋ, ರಿಪೇರಿ ಮಾಡಿಸುವುದೋ, ಕೆಳಗಿನ ಕೋಣೆಯನ್ನು ನಮಗೆ ಬಿಟ್ಟು ಮೇಲೆ ಅವರಿರುವುದೋ? ದಿನಕ್ಕೊಂದು ಲೆಕ್ಕ ಹಾಕುತ್ತಿದ್ದೇವೆ. ಕೆಲವೊಮ್ಮೆ ದನಿ ಏರುತ್ತದೆ. ಆದರೆ ಊಟಕ್ಕೆ ಎದುರುಬದುರಾಗಿ ಕುಳಿತು ಮಾತನಾಡುತ್ತೇವೆ. ಪುಟ್ಟನ ಅಂಚೆಯ ಕೆಲಸ ಹೋಯಿತು.

ಅವನ ಚಿತ್ರದಲ್ಲಿ ಈಗ ತ್ರಿಕೋನವಿಲ್ಲ. ಕಾಲು ಮಡಿಸಿ ಮಲಗಿದ ಒಂದು ದೊಡ್ಡ ಎತ್ತಿದೆ. ಅದರ ಇಣಿಯಿಂದ ಕೆಳಕ್ಕೆ ಕಡ್ಡಿಯಂಥ ಮನುಷ್ಯರು ಇಳಿಯುತ್ತಿದ್ದಾರೆ. ಹಿಂದಿನವನ ಕೈ ಮುಂದಿನವನ ಹೆಗಲ ಮೇಲಿದೆ. ಮೂಲೆಯಲ್ಲಿ ಒಂದು ಮಂಗ ಮೊಸರನ್ನ ತಿನ್ನುತ್ತಿದೆ.